ಎರಡು ಕೈಯ ಚಿಲಕ

ನಮ್ಮ ಊರಿನ ಗೇಟುಗಳ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂದು ಯಾರೂ ಬರೆಸುವುದಿಲ್ಲ. ಆ ಮನೆಯ ನಾಯಿ ಯಾರನ್ನು ಹಚ್ಚಿಕೊಂಡಿದೆಯೋ ಅವರ ಹೆಸರು ಬರೆಸುತ್ತಾರೆ. ಬಿಳಿ ತಗಡಿನ ಮೇಲೆ ಕಪ್ಪು ಅಕ್ಷರ. ಗೇಟಿನ ಒಳಗೆ ನಾಯಿಗೆ ಏನಾದರೂ ಆದರೆ ಅದು ನಾಯಿಯ ಪಾಡು. ಗೇಟು ದಾಟಿದ ಮೇಲೆ ಅದಕ್ಕೆ ಆದದ್ದೆಲ್ಲ ಆ ಹೆಸರಿನವರಿಗೂ ಆಗುತ್ತದೆ. ಮುಳ್ಳು ಚುಚ್ಚಿದರೆ ಮುಳ್ಳು, ಕಲ್ಲು ಬಿದ್ದರೆ ಕಲ್ಲು. ಹೊರಗಿನವರು ಇದನ್ನು ಕೇಳಿ, ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು ನಿಮ್ಮೂರಿನ ಗಾದೆಯೇ ಇರಬೇಕು’ ಎಂದು ನಗುತ್ತಾರೆ. ನಗಲಿ. ನಮ್ಮಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲು ಗೇಟಿಗೆ ಚಿಲಕ ಹಾಕುವುದನ್ನು ಕಲಿಯುತ್ತಾರೆ.

ಆ ಗೇಟು, ಆ ಚಿಲಕ, ಆ ಬೋರ್ಡು ಎಲ್ಲವನ್ನೂ ಮಾಡಿಕೊಡುವವನು ನಾನು. ಕೆರೆ ಏರಿಯ ಕೆಳಗಿನ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ. ಹೆಸರು ವೀರಭದ್ರಾಚಾರಿ, ಊರವರ ಬಾಯಲ್ಲಿ ಆಚಾರ್ರು. ಬೇರೆ ಊರುಗಳಲ್ಲಿ ವೈದ್ಯರಿಗೆ ಸಿಗುವ ಮರ್ಯಾದೆ ನಮ್ಮೂರಲ್ಲಿ ಗೇಟು ಮಾಡುವವನಿಗೆ ಸಿಗುತ್ತದೆ. ಮದುವೆ ಮನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಆ ಮರ್ಯಾದೆ ನನ್ನ ತಲೆಗೆ ಏರಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎರಡು ಕೈಯ ಚಿಲಕ ನನ್ನದೇ ಕಲ್ಪನೆ. ಮೊದಲೆಲ್ಲ ಸಾದಾ ಚಿಲಕವಿತ್ತು. ನಾಯಿಗಳು ಮೂತಿಯಿಂದ ಎತ್ತಿ ತೆಗೆಯುವುದನ್ನು ಕಲಿತುಬಿಟ್ಟವು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಪ್ರಾರ್ಥನೆಗೆ ನಿಂತಿದ್ದಾಗ ಎಲ್ಲರೆದುರೇ ಅವರ ಕಿವಿ ಹರಿಯಿತು. ಅವರ ನಾಯಿ ಚಿಲಕ ತೆಗೆದುಕೊಂಡು ಮೀನು ಸಂತೆಗೆ ಹೋಗಿ ಜಗಳಕ್ಕೆ ಬಿದ್ದಿತ್ತು. ಪಾಪ, ರಕ್ತ ಒರೆಸಿಕೊಳ್ಳುತ್ತಲೇ ಅವರು ಪ್ರಾರ್ಥನೆ ಮುಗಿಸಿದರು. ಆ ವಾರ ನಾನು ಕೂತು ಯೋಚನೆ ಮಾಡಿದೆ. ಎಡಗೈಯಲ್ಲಿ ಗುಂಡಿಯನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಬಲಗೈಯಲ್ಲಿ ಪಟ್ಟಿ ಎಳೆಯಬೇಕು. ಒಂದು ಕೈ ಬಿಟ್ಟರೂ ಒಳಗಿನ ಸ್ಪ್ರಿಂಗು ಎರಡನ್ನೂ ಕೂರಿಸಿಬಿಡುತ್ತದೆ. ಆರು ತಿಂಗಳಲ್ಲಿ ಊರಿನ ಗೇಟುಗಳಿಗೆಲ್ಲ ಅದೇ ಬಂತು. ಸಂತೆಯಿಂದ ತರಕಾರಿ ತರುವವರು ಗೊಣಗುತ್ತಿದ್ದರು, ಚೀಲ ಕೆಳಗಿಟ್ಟೇ ಗೇಟು ತೆಗೆಯಬೇಕಲ್ಲ ಎಂದು. ‘ಚೀಲ ಕೆಳಗಿಡಿ, ಜೀವ ಉಳಿಸ್ಕೊಳ್ಳಿ’ ಎಂದು ನಾನು ತಮಾಷೆ ಮಾಡುತ್ತಿದ್ದೆ.

ರಾಗಿ ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಬಣ್ಣ ನೋಡಿ ಇಟ್ಟ ಹೆಸರು. ಅಂಗಡಿಯ ಹಿಂದೆ ಕಬ್ಬಿಣದ ಚೂರುಗಳ ನಡುವೆ ಸಿಕ್ಕಿದ್ದ ಹೆಣ್ಣು ಮರಿಯನ್ನು ಅಂಗಿಯಲ್ಲಿ ಸುತ್ತಿ ತಂದಾಗ ನನ್ನ ಹೆಂಡತಿ ಕಮಲಾಕ್ಷಿ ಬಾಗಿಲಲ್ಲೇ ನಿಂತು, “ಇದ್ಯಾಕ್ ತಂದ್ರಿ ಈ ಪೀಡೇನ?” ಎಂದಿದ್ದಳು. ಮೊದಲ ದಿನವೇ ಮರಿ ನನ್ನ ಚಪ್ಪಲಿಯ ಮೇಲೆ ಮಲಗಿತು. ನಮಗೆ ಮಕ್ಕಳಿಲ್ಲ. ನನ್ನದು ಸಿಡುಕು ಸ್ವಭಾವ, ಸ್ನೇಹಿತರೂ ಕಡಿಮೆ. ಅಂಥ ನನ್ನನ್ನು ಒಂದು ಜೀವ ತಾನಾಗಿ ಬಂದು ಹಚ್ಚಿಕೊಂಡಿತಲ್ಲ ಎಂದು ಎಷ್ಟು ಖುಷಿಯಾಯಿತು! ಅವತ್ತೇ ತಗಡು ಕತ್ತರಿಸಿ ನನ್ನ ಹೆಸರು ಬರೆದು ಗೇಟಿಗೆ ಹಾಕಿದೆ. ಬೇರೆಯವರ ಬೋರ್ಡಿಗಿಂತ ಅಕ್ಷರ ಸ್ವಲ್ಪ ದಪ್ಪವೇ ಬರೆದೆ.

ಮೊದಮೊದಲು ರಾಗಿ ಕಣ್ಣು ತಪ್ಪಿಸಿ ಹೊರಗೆ ಹೋದಾಗಲೆಲ್ಲ ಪೆಟ್ಟು ನನಗೇ ಬೀಳುತ್ತಿತ್ತು. ಅದರ ಕಾಲಿಗೆ ಗಾಜು ಹೊಕ್ಕಿತು, ನಾನು ವಾರಗಟ್ಟಲೆ ಕುಂಟಿದೆ. ಹೋಟೆಲಿನ ಹಿಂದೆ ಯಾರೋ ಬಿಸಿನೀರು ಎರಚಿದರು, ನನ್ನ ಬೆನ್ನಿನಲ್ಲಿ ಬೊಬ್ಬೆ ಎದ್ದವು. ಬುದ್ಧಿ ಇದ್ದವನಾಗಿದ್ದರೆ ಅಷ್ಟಕ್ಕೇ ಪಾಠ ಕಲಿಯಬೇಕಿತ್ತು. ನಾನು ಆ ಬೊಬ್ಬೆಗಳನ್ನು ಗಿರಾಕಿಗಳಿಗೆ ಅಂಗಿ ಎತ್ತಿ ತೋರಿಸುತ್ತಿದ್ದೆ.

ಯುಗಾದಿಯ ಮರುದಿನ ನಮ್ಮೂರಲ್ಲಿ ‘ಬಿಟ್ಟು ನೋಡುವುದು’ ಎಂಬ ಪದ್ಧತಿ ಇದೆ. ಮನೆಯವರೆಲ್ಲ ಅಂಗಳದ ಗೋಡೆಗೆ ಸಾಲಾಗಿ ಒರಗಿ ನಿಲ್ಲಬೇಕು. ಯಾರೂ ಕರೆಯಬಾರದು, ಕೈ ಆಡಿಸಬಾರದು. ನಡುವೆ ಕಟ್ಟಿದ ನಾಯಿಯನ್ನು ಬಿಟ್ಟಾಗ ಅದು ಯಾರ ಬಳಿ ಹೋಗಿ ನಿಲ್ಲುತ್ತದೋ ಅವರ ಹೆಸರನ್ನು ಆ ವರ್ಷ ಬೋರ್ಡಿನ ಮೇಲೆ ಹೊಸದಾಗಿ ಬರೆಯಬೇಕು. ನಾಯಿಯ ಮನಸ್ಸೂ ಮನಸ್ಸೇ ತಾನೆ, ಬದಲಾಗುತ್ತದೆ. ಮೂರು ವರ್ಷದ ಹಿಂದೆ ರಾಗಿಯನ್ನು ಬಿಟ್ಟಾಗ ಅದು ಕಮಲಾಕ್ಷಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿತು. ಅವಳು ಕಾಲು ಅಪ್ಪಳಿಸಿ, “ಹಚಾ! ಮಡೀಲಿದೀನಿ, ಮುಟ್ಬೇಡ ಪೀಡೆ!” ಎಂದು ಗದರಿದಳು. ರಾಗಿ ನಿಂತಿತು, ಅವಳ ಮುಖ ನೋಡಿತು, ಆಮೇಲೆ ಬಾಲ ಇಳಿಸಿಕೊಂಡು ನನ್ನ ಬಳಿ ಬಂತು. “ನೋಡ್ದ್ಯಾ, ಯಾರ ನಾಯಿ ಅಂತ?” ಎಂದು ನಾನು ನಕ್ಕೆ. ಹಳೆಯ ಹೆಸರಿನ ಮೇಲೆ ಅದೇ ಹೆಸರನ್ನು ಮತ್ತೊಮ್ಮೆ ತಿದ್ದಿದೆ. ಮುಂದಿನ ಎರಡು ವರ್ಷ ಬಿಟ್ಟು ನೋಡಲೇ ಇಲ್ಲ. ಗೊತ್ತಿರುವುದನ್ನು ಮತ್ತೆ ನೋಡುವುದೇನು ಎಂದೆ. ಹೆದರಿದ್ದೆ ಎಂದು ಈಗ ಅನ್ನಿಸುತ್ತದೆ.

ವಯಸ್ಸಾಗುತ್ತ ರಾಗಿಗೆ ಒಂದು ಚಟ ಹತ್ತಿತು. ಬೆಳಿಗ್ಗೆ ಏಳಾದರೆ ಗೇಟಿನ ಸಂದಿಗೆ ಮೂತಿ ಇಟ್ಟು ಕುಂಯ್ಗುಡುವುದು. ಊರಿನ ನಾಯಿಗಳಿಗೆಲ್ಲ ಸೆರೆಮನೆ ಕಟ್ಟಿಕೊಟ್ಟವನು ನಾನೇ, ನನ್ನ ನಾಯಿಯಾದರೂ ಒಂದು ಗಳಿಗೆ ಗಾಳಿ ಕುಡಿಯಲಿ ಎಂದು ಬಿಡುತ್ತಿದ್ದೆ. ಬಿಟ್ಟ ಮೇಲೆ ಬೇರೆ ನಾಯಿ ನುಗ್ಗಬಾರದೆಂದು ಚಿಲಕ ಹಾಕಿಬಿಡುತ್ತಿದ್ದೆ. ಕೈಗೆ ಅದು ಅಭ್ಯಾಸ.

“ರೀ, ಬಿಡಬೇಡ್ರಿ ಅದನ್ನ. ಮರಳು ಲಾರಿಗಳು ಓಡಾಡೋ ಹೊತ್ತು,” ಎನ್ನುತ್ತಿದ್ದಳು ಕಮಲಾಕ್ಷಿ.

“ಏನಾದ್ರೂ ಆದ್ರೆ ನಂಗೆ ತಾನೆ ಆಗೋದು? ಬೋರ್ಡ್ ಮೇಲಿರೋದು ನನ್ ಹೆಸ್ರು. ನಿಂಗ್ಯಾಕೆ ಸಂಕಟ?”

“ಬೋರ್ಡಿಗೇನ್ ಗೊತ್ತು,” ಎಂದು ಅವಳು ಒಳಗೆ ಹೋಗುತ್ತಿದ್ದಳು.

ಆ ಎರಡು ವರ್ಷ ನನಗೆ ಒಂದು ಗೀರೂ ಆಗಲಿಲ್ಲ. ರಾಗಿ ಕಾಲೆಳೆದುಕೊಂಡು ಬಂದರೂ ನನ್ನ ಕಾಲು ಗಟ್ಟಿಯಾಗಿಯೇ ಇರುತ್ತಿತ್ತು. ಬೆಂಕಿಯ ಮುಂದೆ ನಿಂತು ನಿಂತು ನನ್ನ ಚರ್ಮ ದಪ್ಪವಾಗಿದೆ, ಅದಕ್ಕೇ ತಾಗುತ್ತಿಲ್ಲ ಎಂದು ಹಾಲಪ್ಪನ ಟೀ ಅಂಗಡಿಯಲ್ಲಿ ಕೊಚ್ಚಿಕೊಂಡೆ. ಕಮಲಾಕ್ಷಿ ಮಾತ್ರ ಆಗಾಗ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಕೇಳಿದರೆ “ಒರಳುಕಲ್ಲು ತಗುಲ್ತು” ಎನ್ನುವಳು. ಮೊಣಕೈ ಮೇಲೆ ಸುಟ್ಟ ಗಾಯ ಕಂಡರೆ “ಒಗ್ಗರಣೆ ಸಿಡೀತು” ಎನ್ನುವಳು. “ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯೇ?” ಎಂದು ನಾನು ಬೈಯುತ್ತಿದ್ದೆ. ಊಟ ಮಾಡುವಾಗ ಅವಳು ಕೊನೆಯ ತುತ್ತನ್ನು ಹಿತ್ತಿಲ ಬಾಗಿಲಲ್ಲಿ ನಿಂತು “ತಿನ್ನು, ಪೀಡೆ” ಎಂದು ರಾಗಿಗೆ ಹಾಕುವುದನ್ನು ದಿನವೂ ನೋಡಿದ್ದೇನೆ. ಬೈಗುಳ ಮಾತ್ರ ನನ್ನ ಕಿವಿಗೆ ಬೀಳುತ್ತಿತ್ತು.

ಅವತ್ತು ಗುರುವಾರ, ನಮ್ಮ ಬೀದಿಗೆ ನಲ್ಲಿ ನೀರು ಬಿಡುವ ದಿನ. ರಾಗಿ ಗೇಟಿನ ಬಳಿ ಕುಂಯ್ಗುಡುತ್ತಿತ್ತು. ನಾನು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಕಮಲಾಕ್ಷಿ ಹಿಟ್ಟಿನ ಕೈಯಲ್ಲೇ ಬಂದು ಪಟ್ಟಿ ಹಿಡಿದುಕೊಂಡಳು. ಎಂದೂ ಹಾಗೆ ಅಡ್ಡ ಬಂದವಳಲ್ಲ.

“ಇವತ್ತು ಬೇಡ ಕಣ್ರಿ. ಕಾಲು ಇನ್ನೂ ನೋಯ್ತಿದೆ.”

“ಯಾರ ಕಾಲು?”

ಅವಳು ನನ್ನ ಮುಖ ನೋಡಿದಳು. ಆಮೇಲೆ, “ನಂದೇ. ನೀರು ಹಿಡಿಯೋದಿದೆ, ನೀವ್ ಸ್ವಲ್ಪ ಕೈ ಹಾಕಿ ಅಂದೆ,” ಎಂದಳು.

“ಟೀ ಕುಡ್ಕೊಂಡ್ ಬಂದು ಹಾಕ್ತೀನಿ ಬಿಡು,” ಎಂದು ಅವಳ ಕೈ ಸರಿಸಿ ಗೇಟು ತೆಗೆದೆ. ರಾಗಿ ಹೊರಗೆ ಹಾರಿತು. ನಾನೂ ಹೊರಗೆ ಬಂದು ಚಿಲಕ ಹಾಕಿದೆ. ಪಟ್ಟಿಗೆ ಅವಳ ಕೈಯ ಹಿಟ್ಟು ಅಂಟಿತ್ತು, ಒರೆಸಿದೆ.

ಹಾಲಪ್ಪನ ಅಂಗಡಿ ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಟೀ ಲೋಟ ಕೈಗೆ ಬಂದಾಗ ರಾಗಿ ರಸ್ತೆಯ ಆ ಬದಿಯಲ್ಲಿ ಚರಂಡಿ ಮೂಸುತ್ತಿತ್ತು. ಸುಮ್ಮನಿರಲಾರದೆ ಸಿಳ್ಳೆ ಹಾಕಿದೆ. ನಾಲ್ಕು ಜನ ಕೂತಿದ್ದರು. ನನ್ನ ನಾಯಿ ನನ್ನ ಸಿಳ್ಳೆಗೆ ಹೇಗೆ ಓಡಿಬರುತ್ತದೆ ಎಂದು ಅವರು ನೋಡಲಿ ಎನ್ನಿಸಿತು. ಓಡಿಬಂತು. ಸಿಳ್ಳೆ ಹಾಕಿದರೆ ಬರುವುದೇ ಬೇರೆ, ಹಚ್ಚಿಕೊಳ್ಳುವುದೇ ಬೇರೆ. ಮರಳು ಲಾರಿಯ ಹಿಂದಿನ ಚಕ್ರ ಅದರ ಸೊಂಟದ ಮೇಲೆ ಹಾದುಹೋಯಿತು.

ಕೂತಿದ್ದವರೆಲ್ಲ ತಟ್ಟನೆ ಎದ್ದು ಗೋಡೆಯ ಕಡೆಗೆ ತಿರುಗಿ ನಿಂತರು. ಅದು ನಮ್ಮೂರಿನ ರೂಢಿ. ಬೀದಿಯಲ್ಲಿ ಪೆಟ್ಟುಬಿದ್ದ ಪರರ ನಾಯಿಯನ್ನು ಯಾರೂ ಮುಟ್ಟುವುದಿಲ್ಲ, ಅದರ ಕಣ್ಣಿಗೂ ಬೀಳುವುದಿಲ್ಲ. ಕೊನೆಗಳಿಗೆಯಲ್ಲಿ ಅದು ಯಾರನ್ನಾದರೂ ಹಚ್ಚಿಕೊಂಡುಬಿಟ್ಟರೆ? ನಾನು ಅಂಗಡಿಯ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಈಗ ಸೊಂಟ ಮುರಿಯುತ್ತದೆ, ಈಗ ಎಂದು ಕಾದೆ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಕೈಯಲ್ಲಿದ್ದ ಟೀ ಕೂಡ ತುಳುಕಿರಲಿಲ್ಲ. ಬದುಕಿದೆ ಎಂದು ಎದೆ ಹಗುರವಾಯಿತು. ಒಂದೇ ಒಂದು ಕ್ಷಣ ನನಗೆ ಸಂತೋಷವಾಯಿತು. ಆ ಕ್ಷಣಕ್ಕಾಗಿ ನನ್ನನ್ನು ನಾನು ಎಂದಿಗೂ ಕ್ಷಮಿಸಲಾರೆ.

ಹಾಲಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ: “ಆಚಾರ್ರೇ, ನಿಂತೇ ಇದ್ದೀರಲ್ಲ! ಮತ್ತೆ ಯಾರಿಗೆ?”

ನಮ್ಮ ಮನೆಯಲ್ಲಿ ಇರುವವರೇ ಇಬ್ಬರು. ಹಿಮ್ಮಡಿಯ ಬಟ್ಟೆ, ಮೊಣಕೈಯ ಸುಟ್ಟ ಗಾಯ, ಪಟ್ಟಿಯ ಮೇಲಿನ ಹಿಟ್ಟು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಲೋಟ ಬಿಸಾಡಿ ಓಡಿದೆ. ರಾಗಿಗೆ ಇನ್ನೂ ಉಸಿರಿತ್ತು. ಗೇಟು ದಾಟಿಸಿಬಿಟ್ಟರೆ ಸಾಕು. ಒಳಗೆ ಸತ್ತರೆ ಸಾವು ನಾಯಿಯದಷ್ಟೇ, ಕಮಲಾಕ್ಷಿಯ ಸೊಂಟ ಮುರಿದಿದ್ದರೂ ಜೀವ ಉಳಿಯುತ್ತದೆ. ಜೀವನವಿಡೀ ಮಂಚದ ಮೇಲೆಯೇ ಇರಲಿ, ನಾನು ನೋಡಿಕೊಳ್ಳುತ್ತೇನೆ. ರಾಗಿಯನ್ನು ಎರಡೂ ತೋಳಿನ ಮೇಲೆ ಎತ್ತಿಕೊಂಡೆ. ಒಂದು ತೋಳಲ್ಲಿ ಹಿಡಿಯಲು ಬರುವಂತಿರಲಿಲ್ಲ, ಅದರ ಹಿಂಭಾಗ ಜೋತುಬೀಳುತ್ತಿತ್ತು. “ಸಾಯ್ಬೇಡ ಕಣೇ, ರಾಗಿ, ನನ್ನವ್ವಾ, ಒಂದು ಗಳಿಗೆ ತಡಿ,” ಎನ್ನುತ್ತ ಓಡಿದೆ. ನನ್ನ ಮುಂದೆ ಮುಂದೆ ಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಗೇಟಿನ ಮುಂದೆ ಬಂದು ನಿಂತಾಗ ಗೊತ್ತಾಯಿತು, ನನಗೆ ಇರುವುದು ಎರಡೇ ಕೈ ಎಂದು.

“ಕಮಲಾಕ್ಷೀ! ಗೇಟ್ ತೆಗೀ! ಕಮಲಾಕ್ಷೀ!” ಒಳಗಿನಿಂದ ಉತ್ತರವಿಲ್ಲ. ತುಂಬಿದ ಬಿಂದಿಗೆಯ ಮೇಲೆ ನಲ್ಲಿಯ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಗುಂಡಿಯನ್ನು ಗದ್ದದಿಂದ ಎತ್ತಲು ನೋಡಿದೆ, ಮೊಣಕಾಲಿನಿಂದ ಪಟ್ಟಿ ಎಳೆಯಲು ನೋಡಿದೆ. ಆ ಸ್ಪ್ರಿಂಗನ್ನು ನಾನೇ ಆರಿಸಿ ಹಾಕಿದ್ದು, ಬಿಗಿ ಇರಲೆಂದು. ಭುಜ ಕೊಟ್ಟು ನೂಕಿದೆ. ನಾನು ಮಾಡಿದ ಗೇಟು, ಅಲುಗಲಿಲ್ಲ. ಮೇಲಿಂದ ಎತ್ತಿ ಹಾಕೋಣವೆಂದರೆ ಆಳೆತ್ತರದ ತಗಡು, ಅದರ ಮೇಲೆ ಈಟಿಮೊನೆಯ ಸಾಲು. ಎದುರುಮನೆಯ ದೇವೀರಮ್ಮನನ್ನು ಕೂಗಿದೆ. ಕಮಲಾಕ್ಷಿಗೆ ಅಕ್ಕನಂತಿದ್ದ ಹೆಂಗಸು. ಮುಚ್ಚಿದ ಕಿಟಕಿಯ ಹಿಂದಿನಿಂದ ಅವರ ಅಳುವ ದನಿ ಬಂತು: “ಆಚಾರ್ರೇ, ನನ್ ಮೊಮ್ಮಗು ಮಡಿಲಲ್ಲಿದೆ, ನಾನ್ ಹೆಂಗ್ ಬರ್ಲಿ? ತಪ್ಪು ತಿಳ್ಕೋಬೇಡಿ ನನ್ನಪ್ಪಾ.”

ಬೇರೆ ದಾರಿ ಇರಲಿಲ್ಲ. ರಾಗಿಯನ್ನು ಕೆಳಗಿಟ್ಟೆ. ಸಂತೆ ಚೀಲದ ಹಾಗೆ, ಗೇಟಿನ ಹೊರಗೆ, ಹೊಸಿಲಿಗೆ ಒಂದು ಗೇಣು ದೂರದಲ್ಲಿ. ಎಡಗೈಯಲ್ಲಿ ಗುಂಡಿ ಎತ್ತಿದೆ, ಬಲಗೈಯಲ್ಲಿ ಪಟ್ಟಿ ಎಳೆದೆ. ಪ್ರತಿ ಶನಿವಾರ ಎಣ್ಣೆ ಬಿಡುತ್ತಿದ್ದ ಚಿಲಕ, ಬೆಣ್ಣೆಯಂತೆ ಜಾರಿತು. ಗೇಟು ತೆರೆದು ತಿರುಗಿದೆ. ರಾಗಿಯ ಕಣ್ಣು ನನ್ನನ್ನು ದಾಟಿ ಒಳಗಿನ ಅಂಗಳವನ್ನು ನೋಡುತ್ತಿತ್ತು. ಉಸಿರಿರಲಿಲ್ಲ. ಆದರೂ ಅದನ್ನು ಒಳಕ್ಕೆ ಎಳೆದುಕೊಂಡೆ, ಸುಳ್ಳು ಹೇಳಿ ಯಾರನ್ನಾದರೂ ನಂಬಿಸುವವನಂತೆ.

ಕಮಲಾಕ್ಷಿ ಹಿತ್ತಿಲಿನ ನಲ್ಲಿಯ ಪಕ್ಕ ಬಿದ್ದಿದ್ದಳು. ಸೆರಗು ನೀರಿನಲ್ಲಿ ನೆನೆಯುತ್ತಿತ್ತು. ಮೈ ಇನ್ನೂ ಬೆಚ್ಚಗಿತ್ತು. ನಲ್ಲಿ ನಿಲ್ಲಿಸಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೈಯಲ್ಲಿ ಹಿಟ್ಟು ಒಣಗಿತ್ತು. ಇಪ್ಪತ್ತೇಳು ವರ್ಷ ಜೊತೆಗಿದ್ದವಳ ಹಿಮ್ಮಡಿಯ ಬಟ್ಟೆಯನ್ನು ನಾನು ಬಿಚ್ಚಿ ನೋಡಿದ್ದು ಅವತ್ತೇ ಮೊದಲು. ರಾಗಿಯ ಹಿಂಗಾಲಿನಲ್ಲಿದ್ದ ಗಾಯವೇ ಅಲ್ಲಿತ್ತು, ಅದೇ ಉದ್ದ, ಅದೇ ಕೀವು.

ಒಂಬತ್ತನೆಯ ದಿನ ದೇವೀರಮ್ಮ ಬಂದು ಜಗುಲಿಯ ತುದಿಯಲ್ಲಿ ಕೂತರು. “ನಂಗೆ ಗೊತ್ತಿತ್ತು ಆಚಾರ್ರೇ,” ಎಂದರು. “ಎರಡು ವರ್ಷದಿಂದ ಗೊತ್ತಿತ್ತು. ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ‘ನನ್ ನಾಯಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ ಅಕ್ಕಾ, ಅವ್ರಿಗೆ ಅಂತ ಇರೋದು ಅದೊಂದೇ. ಅದನ್ನೂ ನಾನ್ಯಾಕೆ ಕಿತ್ಕೊಳ್ಲಿ’ ಅಂದ್ಲು.”

ನನಗೆ ಎಲ್ಲಿಲ್ಲದ ಕೋಪ ಬಂತು. “ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?”

“ನಾನ್ ಹೇಳ್ಬೇಕಿತ್ತಾ?” ಎಂದರು ಅವರು, ಮೆಲ್ಲಗೆ. “ಒಂದೇ ಮನೇಲಿದ್ರಿ. ನಿಮ್ ಕಣ್ಣಿಗೆ ಕಾಣ್ತಿರ್ಲಿಲ್ವಾ?”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಾನು ಮಾಡಿದೆ, ಅವಳು ಉಂಡಳು. ಆ ಯುಗಾದಿಯ ಮರುದಿನ ಅವಳು ಅಪ್ಪಳಿಸಿದ ಕಾಲಿನ ಸದ್ದು ನನಗೆ ಈಗ ದಿನವೂ ಕೇಳುತ್ತದೆ. ಮಡಿಯಂತೆ! ಹಬ್ಬದ ದಿನವೇ ಮಡಿ ಉಡದವಳು ಮರುದಿನ ಎಲ್ಲಿಂದ ಮಡಿಯಲ್ಲಿರುತ್ತಾಳೆ? ಅಷ್ಟು ಯೋಚಿಸುವ ವ್ಯವಧಾನವೂ ನನಗಿರಲಿಲ್ಲ. ಗೇಟಿನ ಬೋರ್ಡು ಕೆಳಗಿಳಿಸಿ, ನನ್ನ ಹೆಸರನ್ನು ಕೆರೆದು, ಕಮಲಾಕ್ಷಿ ಎಂದು ಬರೆದು ಮತ್ತೆ ಹಾಕಿದ್ದೇನೆ. ನಾಯಿ ಇಲ್ಲದ ಮನೆಗೆ ಬೋರ್ಡು ಇರಬಾರದೆಂದು ಪುರಸಭೆಯವರು ಬಂದಿದ್ದರು. ನನ್ನ ಮುಖ ನೋಡಿ ಹೋದರು. ಚಿಲಕವನ್ನು ಕೊಯ್ದು ತೆಗೆದಿದ್ದೇನೆ. ಗೇಟು ಗಾಳಿಗೆ ಬಡಿದುಕೊಳ್ಳುತ್ತದೆ.

ಅಂಗಡಿ ಮಾತ್ರ ತೆರೆಯುತ್ತೇನೆ, ಮನೆಯಲ್ಲಿ ಕೂರಲಾಗದೆ. ಹೋದ ವಾರ ಹಿಟ್ಟಿನ ಗಿರಣಿಯ ಚೌಡಪ್ಪ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅವರದು ಐದು ವರ್ಷದ ನಾಯಿ. ಹೊಸ ಬೋರ್ಡು ಬೇಕು, ಮತ್ತೆ ಒಂದೇ ಕೈಯಲ್ಲಿ ತೆಗೆಯುವ ಚಿಲಕ ಬೇಕು ಎಂದ.

“ದಿನಾ ಬೆಳಿಗ್ಗೆ ಬಿಡ್ತೀನಲ್ಲ ಆಚಾರ್ರೇ, ನಿಮ್ ಚಿಲಕ ತೆಗೆದೂ ತೆಗೆದೂ ಸಾಕಾಯ್ತು.”

“ಚಿಲಕ ಹೆಂಗ್ ಬೇಕೋ ಹಂಗೆ ಮಾಡ್ಕೊಡ್ತೀನಿ,” ಎಂದೆ. “ನಾಯೀನ ಮಾತ್ರ ಬಿಡಬೇಡಪ್ಪಾ. ಕಾಲಿಗೆ ಬಿದ್ದು ಕೇಳ್ಕೋತೀನಿ, ಗೇಟ್ ಒಳಗೇ ಇಟ್ಕೋ. ನನ್ನ ಗತಿ ನೋಡಿದೀಯಲ್ಲ.”

“ನಿಮ್ದು ಬೇರೆ ಬಿಡಿ, ಬೋರ್ಡೇ ತಪ್ಪಿತ್ತು. ನನ್ ನಾಯಿ ನನ್ನ ಬಿಟ್ಟು ಕದಲಲ್ಲ. ಏನಾದ್ರೂ ಆದ್ರೆ ನಂಗೆ ತಾನೆ ಆಗೋದು?”

ನಾನು ಅವನ ಹಿಂದೆ ನಿಂತಿದ್ದ ಮುದುಕಿಯನ್ನು ನೋಡಿದೆ. ಅವರ ಬಲಗೈಗೆ ಬಟ್ಟೆ ಸುತ್ತಿತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಕಂಡು ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಬೇಡ ಎಂಬಂತೆ ತಲೆಯಾಡಿಸಿದರು. ಮಗನ ಮೇಲಿನ ಅವರ ಪ್ರೀತಿ ನನಗೆ ಅರ್ಥವಾಯಿತು, ಆದರೂ ನಾನು ಸುಮ್ಮನಿರಲಿಲ್ಲ.

“ಚೌಡಪ್ಪಾ, ನಿಮ್ಮಮ್ಮನ ಕೈ ನೋಡು. ಬಟ್ಟೆ ಬಿಚ್ಚಿಸಿ ನೋಡು. ಆಮೇಲೆ ನಿನ್ ನಾಯಿ ಮುಂಗಾಲು ನೋಡು.”

ಅವನು ತಿರುಗಿದ. ಒಂದು ಗಳಿಗೆ ಅವನ ಮುಖ ಬದಲಾದಂತೆ ಕಂಡು ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಮುದುಕಿ ನಗುತ್ತ, “ಈಳಿಗೆಮಣೆ ತಗುಲ್ತು ಕಣೋ, ಸೋರೆಕಾಯಿ ಹೆಚ್ಚೋವಾಗ,” ಎಂದರು.

ಅವನೂ ನಕ್ಕ. “ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯಮ್ಮಾ?” ಎಂದ.

ಬೋರ್ಡು ಬರೆಯಲು ನನಗೆ ಕೈ ಬರಲಿಲ್ಲ. ಆಗುವುದಿಲ್ಲ ಎಂದು ಕಳಿಸಿಬಿಟ್ಟೆ. ಎರಡು ದಿನ ಬಿಟ್ಟು ಬೆಳಿಗ್ಗೆ ಗಿರಣಿಯ ಬೀದಿಯಲ್ಲಿ ಹೋಗುವಾಗ ನೋಡಿದರೆ ಅವರ ಗೇಟಿಗೆ ಹೊಸ ಬೋರ್ಡು ಬಂದಿತ್ತು, ಯಾರ ಕೈಯಲ್ಲೋ ಬರೆಸಿಕೊಂಡಿದ್ದ. ದಪ್ಪ ಅಕ್ಷರದಲ್ಲಿ ಚೌಡಪ್ಪ ಎಂದಿತ್ತು. ಹಿತ್ತಿಲಿನಿಂದ ಮುದುಕಿ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಗೇಟಿಗೆ ಚಿಲಕ ಹಾಕಿತ್ತು, ನಾಯಿ ರಸ್ತೆಯಲ್ಲಿತ್ತು.